ಗಿರ್ದಾವರನ ಕೆಮ್ಮು

ನಿಜಾಮನ ಆಳ್ವಿಕೆ ಮುಗಿದ ಮರುವರ್ಷ. ಗದ್ವಾಲಕ್ಕೆ ಹೊರಟ ಭೀಮಾಬಾಯಿ ಕೃಷ್ಣೆಯ ದಡದಲ್ಲಿ ಹರಿಗೋಲಿಗೆ ಕಾಯುತ್ತಿದ್ದರು. ಸಾಲಿನಲ್ಲಿ ಅವರ ಮುಂದೆ, ಊರೂರು ತಿರುಗಿ ಹಗಲುವೇಷ ಹಾಕುವ ಅಣ್ಣತಮ್ಮಂದಿರು, ಬಾಲಪ್ಪ ಮತ್ತು ಸಾಯಣ್ಣ, ವೇಷದ ಗಂಟಿಗೆ ಒರಗಿ ಕೂತಿದ್ದರು.

"ಅಣ್ಣಾ, ನಾಳಿ ಆಡಾಕ ಹೊಸದೇನೂ ಹೊಳೀಲಿಲ್ಲಂದ್ರ ನಾ ರಾಯಚೂರಿನ ಗಿರಣಿ ಸೇರತೀನಿ," ಎಂದ ಸಾಯಣ್ಣ.

"ಕಂದಾಯದ ಗಿರ್ದಾವರ ಸಾಹೇಬನ ವೇಷ ಐತಲ್ಲೋ."

"ಈಗ ಅವಗ ಯಾರು ಅಂಜತಾರ?"

"ಆಗ ನನ್ನ ಕೆಮ್ಮು ಕೇಳೇ ಧರೂರಿನ ಪಟೇಲ ಖರೇ ಸಾಹೇಬನೇ ಬಂದಾನಂತ ಕೋಳಿ ಕೊಯ್ಸಿದ್ದ. ಉಂಡು ಕೈ ತೊಳಕೊಂಡು ಅಂಟಿಸಿದ ಮೀಸಿ ಕಿತ್ತೆ ನೋಡು, ಊರಿಗೂರೇ ಬಿದ್ದು ಬಿದ್ದು ನಕ್ಕಿತು. ಪಟೇಲನೂ ನಕ್ಕ."

ಭೀಮಾಬಾಯಿಗೆ ತಮ್ಮ ತವರಿನ ಅಂಗಳದಲ್ಲಿ ಕಂದಾಯ ಕೇಳುತ್ತ ನಿಂತಿದ್ದ ಗಿರ್ದಾವರನ ಮೀಸೆ ನೆನಪಾಯಿತು.

"ಆ ಕೆಮ್ಮು ಎಲ್ಲಿಂದ ತಂದಿದ್ದಿ?" ಎಂದ ಸಾಯಣ್ಣ.

"ಸಂತ್ಯಾಗ ಸಾಹೇಬನ ಹಿಂದ ನಡದು ಕಲ್ತೆ. ಯಾರು ಬಂದ್ರ ಮಂದಿ ಸರೀತಾರೋ ಅವನ ಹಿಂದ ನಡೀಬೇಕು. ಆಟ ತಾನಾಗೇ ಹುಟ್ಟತೈತಿ."

ಅಷ್ಟರಲ್ಲಿ ಬಿಳಿ ಟೋಪಿಯ ಮುಖಂಡನೊಬ್ಬ ಕೈಮುಗಿಯುತ್ತಲೇ ನುಗ್ಗಿ ಬಂದ.

"ನಾ ನಿಮ್ಮ ಸೇವಕ್ರೀ, ಸರೀರಿ, ಸರೀರಿ!"

ಸಾಲು ಸರಿಯಿತು. ಭೀಮಾಬಾಯಿಯೂ ಸರಿದರು. ಸಾಯಣ್ಣ ಮಾತ್ರ ತಟ್ಟನೆ ಎದ್ದು, ಎದೆ ಉಬ್ಬಿಸಿ, ಕೈಮುಗಿದು, ಅವನ ಬೆನ್ನಿಗೇ ಹೆಜ್ಜೆ ಹಾಕಿದ.

"ಲೇ, ಗಂಟು ಹೊರೋರು ಯಾರೋ?"

"ನೀನೇ ತಗೊಂಡು ಬಾರಣ್ಣ. ಮಾತಾಡಿದ್ರ ನನಗ ಅವನ ನಡಿಗಿ ತಪ್ಪತೈತಿ."

ಬಾಲಪ್ಪ ನಗುತ್ತ ಗಂಟು ಹೊತ್ತು ಹರಿಗೋಲಿನತ್ತ ನಡೆದ.