ತನ್ವಿಯ ಮೊಣಕಾಲಿಗೆ ಏನೂ ಆಗಿರಲಿಲ್ಲ

ವೇದಿಕೆಯ ಮೇಲಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಶ್ರೀ ಸೂರ್ಯನಾರಾಯಣ ಅವರೇ, ಮುಖ್ಯ ಅತಿಥಿಗಳೇ, ಎರಡು ವರ್ಷ ಕಂಪ್ಯೂಟರ್ ಪರದೆಯಲ್ಲಿ ಅಂಚೆಚೀಟಿಯಷ್ಟೇ ಕಂಡು ಇಂದು ಪೂರ್ತಿ ಗಾತ್ರದಲ್ಲಿ, ಆದರೆ ಮಾಸ್ಕಿನಿಂದಾಗಿ ಅರ್ಧ ಮುಖದಲ್ಲಿ ಕುಳಿತಿರುವ ಸಭಿಕರೇ,

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ ಡಾಕ್ಟರ್ ರತ್ನಾಕರ ಅವರು ಹದಿಮೂರು ವರ್ಷಗಳಿಂದ ‘ಹಸಿರು ಗ್ಯಾಲರಿ’ ನಡೆಸಿಕೊಂಡು ಬಂದಿದ್ದಾರೆ, ಆ ಸೇವೆಗಾಗಿ ಈ ಸನ್ಮಾನ ಎಂದರು. ಹಸಿರು ಗ್ಯಾಲರಿ ಎಂದರೆ ಏನೆಂದು ಹೊಸಬರಿಗೆ ಗೊತ್ತಿರಲಾರದು. ಈ ಊರಿನ ಒಂದು ವಿಶ್ವವಿದ್ಯಾಲಯದ ಹಾಕಿ ತಂಡಗಳ ಅಭಿಮಾನಿಗಳು ಫೇಸ್‌ಬುಕ್ಕಿನಲ್ಲಿ ಮಾಡಿಕೊಂಡಿರುವ ಪುಟ ಅದು. ತಂಡದ ಅಂಗಿ ಹಸಿರು, ಅದಕ್ಕೆ ಆ ಹೆಸರು. ಯಾವ ಶಾಲೆಯ ಯಾವ ಹುಡುಗಿ ಚೆನ್ನಾಗಿ ಆಡುತ್ತಾಳೆ, ಮುಂದಿನ ವರ್ಷ ಯಾರನ್ನು ಕ್ರೀಡಾ ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಳ್ಳುತ್ತಾರೆ, ಯಾರು ಕೈತಪ್ಪಿ ಬೇರೆ ಕಡೆ ಹೋದರು, ಇದೇ ಅಲ್ಲಿನ ಸುದ್ದಿ, ಇದೇ ಅಲ್ಲಿನ ಜಗಳ. ನಾಲ್ಕು ಸಾವಿರ ಜನ ಓದುತ್ತಾರೆ. ಚೀನೀಯರು, ಮಲಯರು, ತಮಿಳರು, ಪಂಜಾಬಿಗಳು, ಅವರ ನಡುವೆ ಮಣಿಪಾಲದಿಂದ ಬಂದ ನಾನೊಬ್ಬ ಶರೀರಕ್ರಿಯಾಶಾಸ್ತ್ರದ ಮೇಷ್ಟರು.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಆ ಹತ್ತು ನಿಮಿಷವನ್ನು ನಾನು ಒಬ್ಬ ಹುಡುಗಿಗಾಗಿ ಬಳಸುತ್ತೇನೆ. ಈ ಶನಿವಾರ ಪೆನಾಂಗಿನ ಒಂದು ಕಾಲೇಜಿನಲ್ಲಿ ತನ್ವಿಯ ಆಯ್ಕೆ ಪರೀಕ್ಷೆ ಇದೆ. ಅವಳಿಗೀಗ ಇಪ್ಪತ್ತು ವರ್ಷ. ಇದು ತಪ್ಪಿದರೆ ಮತ್ತೊಂದು ಕರೆ ಬರುವುದಿಲ್ಲ. ಅಲ್ಲಿನ ತರಬೇತುದಾರರು ಹೋದ ವಾರ ಅವಳ ತಂದೆಗೆ ಫೋನ್ ಮಾಡಿ, ಮಗಳ ಮೊಣಕಾಲು ಈಗ ಹೇಗಿದೆ ಎಂದು ಕೇಳಿದ್ದಾರೆ. ಸಭಿಕರೇ, ತನ್ವಿಯ ಮೊಣಕಾಲಿಗೆ ಏನೂ ಆಗಿಲ್ಲ. ಎಂದೂ ಏನೂ ಆಗಿರಲಿಲ್ಲ. ಆಗಿದೆ ಎಂದು ಅವರು ಓದಿದ್ದು ಎಲ್ಲಿ? ನೀವು ಸನ್ಮಾನ ಮಾಡುತ್ತಿರುವ ಹಸಿರು ಗ್ಯಾಲರಿಯಲ್ಲಿ.

ತನ್ವಿ ನಿಮಗೆಲ್ಲ ಗೊತ್ತು. ಕ್ಲಾಂಗ್ ಬಂದರಿನ ಸರಕು ಸಾಗಣೆ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಗೋಪಿನಾಥರ ಮಗಳು. ನಮ್ಮ ಕಾರ್ಯಕ್ರಮಗಳಲ್ಲಿ ಪ್ರಾರ್ಥನೆ ಹಾಡು ಎಂದರೆ ಓಡಿಹೋಗುತ್ತಿದ್ದವಳು, ಕುರ್ಚಿ ಜೋಡಿಸು ಎಂದರೆ ಮೊದಲು ಬರುತ್ತಿದ್ದವಳು. ಹಾಕಿಯಲ್ಲಿ ಗೋಲ್‌ಕೀಪರ್. ಗೋಲ್‌ಕೀಪರ್ ಆಗುವ ಮಕ್ಕಳು ಬೇರೆಯೇ ಜಾತಿ. ಉಳಿದವರು ಚೆಂಡು ಬಂದರೆ ಮುಖ ತಿರುಗಿಸುತ್ತಾರೆ, ಇವರು ಮುಖ ಕೊಡುತ್ತಾರೆ.

ಎರಡು ಸಾವಿರದ ಇಪ್ಪತ್ತರ ಜನವರಿ. ಪೆಟಾಲಿಂಗ್ ಜಯಾದ ಮೈದಾನದಲ್ಲಿ ಶಾಲಾ ಪಂದ್ಯ. ಅವಳು ಎರಡು ಪೆನಾಲ್ಟಿ ತಡೆದಳು. ನಾನು ಮಾಮಕ್ ಹೋಟೆಲಿನಿಂದ ತಪಾವ್ ಎಂದು ಕಟ್ಟಿಸಿಕೊಂಡು ತಂದ ಚಹಾದ ಪ್ಲಾಸ್ಟಿಕ್ ಚೀಲ ಹಿಡಿದು ಗೋಲಿನ ಹಿಂದೆ ನಿಂತಿದ್ದೆ. ಪಂದ್ಯ ಮುಗಿದ ಮೇಲೆ ವಿಶ್ವವಿದ್ಯಾಲಯದ ಕೋಚ್ ಸುರೇಶ ಅವಳ ಹತ್ತಿರ ಬಂದು, “ಸೆಪ್ಟೆಂಬರ್ ಇನ್‌ಟೇಕ್, ಯು ಕಮ್ ಲಾ” ಎಂದರು. ಅಷ್ಟೇ. ಕಾಗದವಿಲ್ಲ, ಸಹಿಯಿಲ್ಲ.

ಅಷ್ಟನ್ನೇ ನಂಬಿದಿರಾ ಎಂದು ನೀವು ಕೇಳಬಹುದು. ನಂಬುವ ಕಾಲವೊಂದಿತ್ತು. ತೊಂಬತ್ತೆಂಟರಲ್ಲಿ ಹಳೆಯ ಕೋಚ್ ಒಬ್ಬರು ಮಾಮಕ್ ಹೋಟೆಲಿನಲ್ಲಿ ರೋಟಿ ತಿನ್ನುತ್ತಾ ಕೆಲಂತಾನಿನ ಒಬ್ಬ ಹುಡುಗನಿಗೆ ಫೋನಿನಲ್ಲಿ ‘ಬಾ’ ಎಂದದ್ದನ್ನು ನಾನು ಪಕ್ಕದ ಮೇಜಿನಲ್ಲಿ ಕುಳಿತು ಕೇಳಿದ್ದೇನೆ. ಹುಡುಗ ರಾತ್ರಿ ಬಸ್ಸು ಹತ್ತಿ ಬಂದ. ಹಾಸ್ಟೆಲಿನಲ್ಲಿ ಕೋಣೆ ಇತ್ತು, ಬಾಗಿಲ ಮೇಲೆ ಅವನ ಹೆಸರಿತ್ತು. ಆಗ ತರಬೇತುದಾರನ ಬಾಯಿಮಾತೇ ಆದೇಶ. ಆ ಕಾಲ ಯಾವಾಗ ಮುಗಿಯಿತು? ಆಟ ನೋಡಲು ಒಮ್ಮೆಯೂ ಬಾರದ ಅಧಿಕಾರಿಗಳು ಆಟಗಾರರನ್ನು ಆರಿಸತೊಡಗಿದಾಗ ಮುಗಿಯಿತು. ಮಕ್ಕಳ ಫೋಟೋ ಕರಪತ್ರಕ್ಕೆ ಬೇಕು, ಮಕ್ಕಳು ಬೇಡ ಎಂದಾಗ ಮುಗಿಯಿತು. ಅದು ಮುಗಿದದ್ದು ನನಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಪುಟ ಶುರು ಮಾಡಿದ ದಿನ ನಾನೇ ಒಂದು ನಿಯಮ ಬರೆದೆ: ಪ್ರವೇಶಪತ್ರ ಆಟಗಾರರ ಕೈಗೆ ಬರುವವರೆಗೆ ಯಾರ ಹೆಸರನ್ನೂ ‘ಖಚಿತ’ ಎಂದು ಹಾಕಬಾರದು. ಹತ್ತು ವರ್ಷ ಆ ನಿಯಮ ಮುರಿದವರನ್ನು ಪುಟದಿಂದ ಹೊರಗೆ ಹಾಕಿದೆ. ಒಬ್ಬ ಪಾಪದ ಟ್ಯಾಕ್ಸಿ ಚಾಲಕನನ್ನು ಕೂಡ.

ಹದಿನೈದು ದಿನ ಕಳೆದು ಇದೇ ಸಭಾಂಗಣದಲ್ಲಿ ನಮ್ಮ ಸಂಕ್ರಾಂತಿ ಕಾರ್ಯಕ್ರಮ. ನಮ್ಮ ಪದ್ಧತಿ ಹೇಗೆ ಎಂದು ನಿಮಗೇ ಗೊತ್ತು. ಒಬ್ಬರ ಮಗುವಿಗೆ ಸೀಟು ಸಿಗುವ ಹಾಗಿದೆ ಎಂದು ಕಿವಿಗೆ ಬಿದ್ದರೆ ಸಾಕು, ಅದೇ ಸಂಜೆ ಶಾಲು, ಹಣ್ಣಿನ ಬುಟ್ಟಿ, ಫೋಟೋ. ಸೀಟು ಸಿಕ್ಕ ಮೇಲೆ ಮಾಡೋಣ ಎನ್ನುವವರನ್ನು ನಾವು ಹೊಟ್ಟೆಕಿಚ್ಚಿನವರು ಎನ್ನುತ್ತೇವೆ. ಅಂದು ಗೋಪಿನಾಥರು ನನ್ನ ಕೈ ಹಿಡಿದು ಹೇಳಿದರು: “ಸಾರ್, ಲೆಟರ್ ಇನ್ನೂ ಬಂದಿಲ್ಲ. ಪೆನಾಂಗ್‌ದು ಮಾತ್ರ ಬಂದಿದೆ, ತಿಂಗಳ ಕೊನೆ ಒಳಗೆ ಹೂಂ ಅನ್ಬೇಕು. ಸ್ವಲ್ಪ ತಡೀರಿ.”

ಪೆನಾಂಗಿನ ಆ ಚಿಕ್ಕ ಕಾಲೇಜು ಸಹಿ ಹಾಕಿದ ಪತ್ರ ಕಳಿಸಿತ್ತು. ಓದು, ಊಟ, ವಸತಿ ಎಲ್ಲ ಸೇರಿ. ದೊಡ್ಡದರ ಬಾಯಿಮಾತು ಒಂದು ಕೈಯಲ್ಲಿ, ಚಿಕ್ಕದರ ಪತ್ರ ಇನ್ನೊಂದು ಕೈಯಲ್ಲಿ. ನಾನು ಗೋಪಿನಾಥರಿಗೆ ಏನು ಹೇಳಿದೆ ಗೊತ್ತೇ? ಸುರೇಶ ನನಗೆ ಇಪ್ಪತ್ತು ವರ್ಷದ ಪರಿಚಯ, ಮಾತು ತಪ್ಪುವವರಲ್ಲ, ನಾನಿದ್ದೇನೆ ಎಂದೆ. ‘ನಾನಿದ್ದೇನೆ.’ ನಾನು ಯಾರು? ಗೋಲಿನ ಹಿಂದೆ ಚಹಾದ ಚೀಲ ಹಿಡಿದು ನಿಲ್ಲುವವನು.

ಇಲ್ಲಿದ್ದ ಯಾರದೋ ಹಸಿರು ದುಪಟ್ಟಾ ಇಸಿದುಕೊಂಡು ಅವಳ ಹೆಗಲಿಗೆ ಹಾಕಿ ಫೋಟೋ ತೆಗೆದೆ. ಹಸಿರು ಗ್ಯಾಲರಿಯಲ್ಲಿ ಹಾಕಿದೆ. ಹೊಸ ಗೋಲ್‌ಕೀಪರ್ ಖಚಿತ ಎಂದು ಬರೆದೆ. ಹದಿಮೂರು ವರ್ಷದಲ್ಲಿ ನಾನು ನನ್ನ ನಿಯಮ ಮುರಿದದ್ದು ಅದೊಂದೇ ಸಲ. ಏಕೆ ಮುರಿದೆ? ಆ ಹಸಿರು ಅಂಗಿ ತೊಡಲಿದ್ದ ಮೊದಲ ಕನ್ನಡದ ಹುಡುಗಿ ಅವಳು. ನಮ್ಮವಳು. ನಮ್ಮವಳು ಎಂಬ ಮಾತು ಬಂದಾಗ ನಮ್ಮಂಥವರ ಬುದ್ಧಿ ಎಲ್ಲಿಗೆ ಹೋಗುತ್ತದೋ.

ಮಾರ್ಚ್ ಹದಿನೆಂಟಕ್ಕೆ ಎಂಸಿಒ ಎಂಬ ಲಾಕ್‌ಡೌನ್ ಬಂತು. ಬಾಗಿಲು ಮುಚ್ಚಿತು, ರಸ್ತೆಗೆ ಅಡ್ಡಗಟ್ಟೆ ಬಿತ್ತು. ಬಂದರು ಮಾತ್ರ ನಿಲ್ಲಲಿಲ್ಲ, ಗೋಪಿನಾಥರು ಪೊಲೀಸರಿಗೆ ಪತ್ರ ತೋರಿಸಿಕೊಂಡು ದಿನವೂ ಹೋಗಿ ಬಂದರು. ತನ್ವಿ ತಮ್ಮ ಕಾಂಡೋ ಕಟ್ಟಡದ ಕಾರು ನಿಲ್ಲಿಸುವ ಜಾಗದಲ್ಲಿ ಕಂಬಕ್ಕೆ ಟೆನಿಸ್ ಚೆಂಡು ಹೊಡೆದು ತಡೆಯುತ್ತಿದ್ದಳು, ಕಾವಲುಗಾರ ಬಂದು ಬೈಯುವವರೆಗೆ. ಜೂನ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಇಮೇಲ್ ಬಂತು. ‘ಪ್ರಿಯ ವಿದ್ಯಾರ್ಥಿ ಕ್ರೀಡಾಪಟುವೇ’ ಎಂದು ಶುರು. ಹೆಸರೂ ಇಲ್ಲ. ತಂಡದ ಚಟುವಟಿಕೆ ನಿಲ್ಲಿಸಲಾಗಿದೆ, ಹೊಸ ವಿದ್ಯಾರ್ಥಿವೇತನಗಳನ್ನು ತಡೆಹಿಡಿಯಲಾಗಿದೆ, ಲಿಖಿತ ಪತ್ರ ಪಡೆಯದವರಿಗೆ ಇದು ಅನ್ವಯಿಸುವುದಿಲ್ಲ, ಏಕೆಂದರೆ ಅವರಿಗೆ ಯಾವ ಭರವಸೆಯನ್ನೂ ನೀಡಿಲ್ಲ. ಸುರೇಶರಿಗೆ ಫೋನ್ ಮಾಡಿದೆ. ಅವರ ಕೆಲಸವೂ ಹೋಗಿತ್ತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನಾನು ಕೇಳುತ್ತೇನೆ. ಮಹಾಮಾರಿ ಬಂದರೆ ಮೊದಲು ಕೈಬಿಡುವುದು ಮಕ್ಕಳನ್ನೇ ಏಕೆ? ಆ ವರ್ಷ ಅದೇ ಆವರಣದಲ್ಲಿ ಹೊಸ ಹೆಬ್ಬಾಗಿಲು ಕಟ್ಟುವ ಕೆಲಸ ನಿಲ್ಲಲಿಲ್ಲ. ನಾನು ಎಲ್‌ಆರ್‌ಟಿ ರೈಲಿನ ಕಿಟಕಿಯಿಂದ ನೋಡಿದ್ದೇನೆ. ಬಾಗಿಲಿಗೆ ಕಬ್ಬಿಣವಿತ್ತು, ಬಾಗಿಲೊಳಗೆ ಬರಬೇಕಾದವರಿಗೆ ಜಾಗವಿರಲಿಲ್ಲ. ಇದನ್ನು ಬರೆದು ಅವರಿಗೆ ಮೂರು ಪತ್ರ ಕಳಿಸಿದೆ. ಉತ್ತರವಿಲ್ಲ.

ಗೋಪಿನಾಥರು ಪೆನಾಂಗಿಗೆ ಫೋನ್ ಮಾಡಿದರು. ಅಲ್ಲಿಂದ ಬಹಳ ಮರ್ಯಾದೆಯ ಉತ್ತರ ಬಂತಂತೆ. ಹಸಿರು ಅಂಗಿಯವರ ಪುಟದಲ್ಲಿ ಸುದ್ದಿ ನೋಡಿದೆವು, ನಿಮ್ಮ ಮಗಳು ತೀರ್ಮಾನ ಮಾಡಿದ್ದಾಳೆ ಎಂದುಕೊಂಡೆವು, ಆ ಜಾಗವನ್ನು ಇಪೋ ಊರಿನ ಒಬ್ಬ ಹುಡುಗಿಗೆ ಕೊಟ್ಟುಬಿಟ್ಟೆವು.

ಇಲ್ಲಿಯವರೆಗಿನದು ನನ್ನ ಅವಸರ. ಮುಂದಿನದಕ್ಕೆ ಆ ಹೆಸರು ಹೊಂದುವುದಿಲ್ಲ.

ಸೆಪ್ಟೆಂಬರ್ ಬಂತು. ಅಭಿಮಾನಿಗಳಿಗೆ ನೋಡಲು ಪಂದ್ಯವಿರಲಿಲ್ಲ, ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಬರೆಯಲು ಮಾತ್ರ ಬೇಕಾದಷ್ಟು ಹೊತ್ತಿತ್ತು. ನಮ್ಮ ಹೊಸ ಗೋಲ್‌ಕೀಪರ್ ಎಲ್ಲಿ ಎಂದು ಕೇಳತೊಡಗಿದರು. ಪೆನಾಂಗಿನವರಿಗೆ ಮಾರಿಕೊಂಡಳು ಎಂದು ಒಬ್ಬ ಬರೆದ. ತೂಕ ಹೆಚ್ಚಿದೆ ಎಂದು ಇನ್ನೊಬ್ಬ. ಹದಿನೆಂಟು ತುಂಬದ ಹುಡುಗಿಯ ಎತ್ತರ, ತೂಕ, ತೋಳಿನ ಉದ್ದ, ಎಲ್ಲವನ್ನೂ ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿದರು. ಆ ಸಂತೆ ಕಟ್ಟಿದವನು ನಾನೇ. ಕಡೆಗೆ ಒಬ್ಬ ಕೇಳಿದ: ಮೊಣಕಾಲಿನ ತೊಂದರೆಯಂತೆ, ಹೌದೇ ಡಾಕ್ಟರ್?

‘ಇಲ್ಲ’ ಎಂದು ಬರೆಯಬಹುದಿತ್ತು. ಎರಡಕ್ಷರ. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಏಕೆ ಬರಲಿಲ್ಲ? ಪತ್ರವೇ ಬಂದಿರಲಿಲ್ಲ ಎನ್ನಬೇಕು. ಪತ್ರ ಬಾರದೆ ಖಚಿತ ಎಂದು ಹೇಗೆ ಹಾಕಿದಿರಿ? ಆ ಟ್ಯಾಕ್ಸಿ ಚಾಲಕನೂ ಎಲ್ಲೋ ಕುಳಿತು ಓದುತ್ತಿರಬಹುದು. ನಾನು ಬರೆದದ್ದು ಇಷ್ಟು: ‘ವೈದ್ಯಕೀಯ ವಿಷಯಗಳ ಬಗ್ಗೆ ನಾನು ಇಲ್ಲಿ ಮಾತನಾಡುವುದು ಸರಿಯಲ್ಲ.’

ಎಷ್ಟು ಸಭ್ಯ ವಾಕ್ಯ, ನೋಡಿ. ಒಂದಕ್ಷರ ಸುಳ್ಳಿಲ್ಲ. ನನ್ನ ಹೆಂಡತಿ ದೇವಕಿ ನನ್ನ ಭುಜದ ಮೇಲಿಂದ ಬಗ್ಗಿ ಓದಿ, “ಇದೆಂಥ ಉತ್ತರ ಮಾರಾಯ್ರೆ? ಇಲ್ಲ ಅಂತ ಬರೀಲಿಕ್ಕೆ ನಿಮ್ಗೆ ಎಷ್ಟು ಹೊತ್ತು ಬೇಕು?” ಎಂದಳು. ವೈದ್ಯನ ಮರ್ಯಾದೆ, ನಿನಗೆ ತಿಳಿಯುವುದಿಲ್ಲ ಎಂದೆ. ಡಾಕ್ಟರೇ ಬಾಯಿ ಬಿಡುತ್ತಿಲ್ಲವೆಂದರೆ ಇದ್ದೇ ಇರಬೇಕು ಎಂದು ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಅಂದಿನಿಂದ ಆ ಪುಟದಲ್ಲಿ ಅವಳ ಹೆಸರೇ ‘ಮೊಣಕಾಲು’.

ಮರುವರ್ಷ ಬೇರೊಂದು ಕಾಲೇಜು ಕರೆಯಿತು. ಅವರೂ ಓದಿದ್ದರು. ಸ್ಕ್ಯಾನ್ ವರದಿ ಕೊಡಿ ಎಂದರು. ಅದು ಇಪ್ಪತ್ತೊಂದರ ಜುಲೈ. ಆಸ್ಪತ್ರೆಗಳ ಅಂಗಳದಲ್ಲಿ ಹಾಸಿಗೆ ಹಾಕಿದ್ದ ತಿಂಗಳು. ಉಸಿರಿಗಾಗಿ ಜನ ಸಾಲುಗಟ್ಟಿದ್ದಾಗ ಆರೋಗ್ಯವಾಗಿರುವ ಮೊಣಕಾಲಿನ ಚಿತ್ರ ಯಾರು ತೆಗೆದುಕೊಡುತ್ತಾರೆ? ಮೂರು ವಾರ ಹಿಡಿಯಿತು. ವರದಿ ಶುದ್ಧವಾಗಿತ್ತು. ಜಾಗ ತುಂಬಿತ್ತು.

ಇದು ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ… ಕ್ಷಮಿಸಿ. ಬರೆದುಕೊಂಡು ಬಂದ ಕಾಗದದಲ್ಲಿ ಹಾಗಿದೆ. ಅದು ಸರಿಯಲ್ಲ. ಗೋಪಿನಾಥರು ಆ ಜುಲೈನಲ್ಲಿ ನನಗೆ ಎರಡು ಸಲ ಫೋನ್ ಮಾಡಿದ್ದರು. ಯಾವುದಕ್ಕೆಂದು ನನಗೆ ಅಂದಾಜಿತ್ತು. ಎತ್ತಲಿಲ್ಲ.

ನನ್ನ ಮಗ ಮನೀಷ್ ಪೆನಾಂಗಿನ ಬಯಾನ್ ಲೆಪಾಸಿನಲ್ಲಿ ಎಂಜಿನಿಯರ್. ಅವನು ಕೆಲಸಕ್ಕೆ ಸೇರಿದ ವಾರ ನಾನು ಫೋನ್ ಮಾಡಿ, ಅಲ್ಲಿನ ಶಾಲೆಯ ಒಬ್ಬ ಫಾರ್ವರ್ಡ್ ಆಟಗಾರನ ಆಟ ನೋಡಿಕೊಂಡು ಬಾ ಎಂದಿದ್ದೆ. ಮೊದಲ ದಿನ ಹೇಗಿತ್ತು ಎಂದು ಕೇಳಿದ್ದು ಅವನ ಅಮ್ಮ. ಶಾಲೆಯಲ್ಲಿ ಅವನು ಯಾವ ತರಗತಿ ಎಂದು ಯಾರಾದರೂ ಕೇಳಿದರೆ ನಾನು ದೇವಕಿಯ ಮುಖ ನೋಡುತ್ತಿದ್ದೆ. ಊರಿನ ಗೋಲ್‌ಕೀಪರುಗಳ ಎತ್ತರ ಮಾತ್ರ ಸೆಂಟಿಮೀಟರಿನಲ್ಲಿ ಹೇಳುತ್ತಿದ್ದೆ. ಇದನ್ನು ಇಲ್ಲಿ ಏಕೆ ಹೇಳಿದೆನೋ. ಇರಲಿ.

ಗೋಪಿನಾಥರು ಇಂದು ಬಂದಿಲ್ಲ. ಅವರ ಮನೆಯ ಯಾರೂ ಎರಡು ವರ್ಷದಿಂದ ನಮ್ಮ ಆನ್‌ಲೈನ್ ಕಾರ್ಯಕ್ರಮಗಳಿಗೂ ಬಂದಿಲ್ಲ. ಏಕೆ ಎಂದು ನಮ್ಮಲ್ಲಿ ಯಾರಾದರೂ ಕೇಳಿದೆವೇ?

ನಿನ್ನೆ ಅವರ ಮನೆಗೆ ಹೋದೆ. ತನ್ವಿ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ, ಒಂದು ಕುರ್ಚಿ ತಂದು ಬಾಗಿಲಾಚೆ ಇಟ್ಟಳು. ನಾನು ಕ್ಷಮೆ ಕೇಳಿದೆ. ಅರ್ಧ ಇಂಗ್ಲಿಷಿನಲ್ಲೇ ಮಾತನಾಡುವ ಮಗು, ನನಗಾಗಿ ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು.

“ಅಂಕಲ್, ಸಾರಿ ಬೇಡ. ನನ್ ಹತ್ರ ಹೇಳಿದ್ರೆ ಏನು ಯೂಸ್? ನಂಗೆ ಗೊತ್ತಲ್ಲ ನನ್ ನೀ, ಐ ಮೀನ್ ಮೊಣಕಾಲು, ಸರಿ ಇದೆ ಅಂತ. ಅಲ್ಲೇ ಬರೀರಿ, ಅದೇ ಪೇಜಲ್ಲಿ. ಅಡ್ಮಿನ್ ಅಂತ ಬೇಡ. ಫುಲ್ ನೇಮ್ ಹಾಕಿ.”

ನಿನ್ನ ಹೆಸರನ್ನೇ ಎಂದು ಕೇಳಿದೆ.

“ನಂದಲ್ಲ, ಅಂಕಲ್. ನಿಮ್ದು.”

ಇಂದು ಮಧ್ಯಾಹ್ನ ಮೂರು ಗಂಟೆಗೆ ಬರೆದು ಹಾಕಿದ್ದೇನೆ. ಪೆನಾಂಗಿನ ತರಬೇತುದಾರರಿಗೂ ಕಳಿಸಿದ್ದೇನೆ. ಈ ಕಾರ್ಯಕ್ರಮವೂ ನೇರ ಪ್ರಸಾರವಾಗುತ್ತಿರುವುದರಿಂದ ಇಲ್ಲೂ ಓದುತ್ತೇನೆ. ‘ಎರಡು ಸಾವಿರದ ಇಪ್ಪತ್ತರಲ್ಲಿ ತನ್ವಿ ಗೋಪಿನಾಥ್ ಖಚಿತ ಎಂದು ಈ ಪುಟದಲ್ಲಿ ಬಂದ ಸುದ್ದಿ ಸುಳ್ಳು. ಆಕೆಯ ಕೈಗೆ ಯಾವ ಪತ್ರವೂ ಬಂದಿರಲಿಲ್ಲ. ಆಕೆ ಯಾರಿಗೂ ಮಾತು ತಪ್ಪಲಿಲ್ಲ. ಆಕೆಯ ಮೊಣಕಾಲಿಗೆ ಎಂದೂ ಪೆಟ್ಟಾಗಿರಲಿಲ್ಲ. ಇದು ಗೊತ್ತಿದ್ದೂ ನನ್ನ ತಪ್ಪು ಹೊರಬರುತ್ತದೆಂದು ನಾನು ಸುಮ್ಮನಿದ್ದೆ. ರತ್ನಾಕರ ಉಪಾಧ್ಯ.’

ಅಧ್ಯಕ್ಷರೇ, ನೀವು ನನಗೆ ಹೊದಿಸಬೇಕೆಂದಿರುವ ಶಾಲನ್ನು ದಯವಿಟ್ಟು ಪೆಟ್ಟಿಗೆಯಲ್ಲೇ ಇಡಿ. ತನ್ವಿಗೆ ಹೊದಿಸೋಣ ಎಂದು ಯಾರೋ ಈಗ ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿರುವುದು ಕೇಳುತ್ತಿದೆ. ದಯವಿಟ್ಟು ಬೇಡ. ಶನಿವಾರದವರೆಗೆ ಆ ಮಗುವನ್ನು ಅದರ ಪಾಡಿಗೆ ಬಿಡೋಣ. ಶನಿವಾರದ ನಂತರವೂ.

ವೇದಿಕೆ ಹತ್ತುವ ಮೊದಲು ಫೋನ್ ನೋಡಿದೆ. ನನ್ನ ಬರಹದ ಕೆಳಗೆ ಮೊದಲ ಪ್ರತಿಕ್ರಿಯೆ ಬಂದಿತ್ತು. ಬೈಗುಳ ಇರಬಹುದೆಂದುಕೊಂಡಿದ್ದೆ. ಬೈಗುಳವಲ್ಲ. ಹಳೆಯ ಅಭಿಮಾನಿಯೊಬ್ಬರ ಪ್ರಶ್ನೆ: ಹಾಗಾದರೆ ಅವಳು ಈಗ ಯಾವ ತಂಡಕ್ಕೆ ಡಾಕ್ಟರ್, ಏನಾದರೂ ಸುದ್ದಿ ಇದೆಯೇ?

ಅವರಿಗೆ ಇಲ್ಲಿಂದಲೇ ಉತ್ತರ ಕೊಡುತ್ತೇನೆ. ನನಗೆ ಗೊತ್ತಿಲ್ಲ. ಗೊತ್ತಾದ ದಿನವೂ ಹೇಳುವುದಿಲ್ಲ.

ಕೊಟ್ಟ ಹತ್ತು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡರೂ ಚೀಟಿ ಕಳಿಸದ ಅಧ್ಯಕ್ಷರಿಗೆ, ಚಪ್ಪಾಳೆಯನ್ನು ಎಲ್ಲಿ ತಟ್ಟಬೇಕೆಂದು ತಿಳಿಯದೆ ಸುಮ್ಮನೆ ಕುಳಿತು ಕೇಳಿದ ನಿಮಗೆ, ಎರಡು ವರ್ಷದ ಹಿಂದೆಯೇ ಸರಿಯಾದ ಮಾತು ಹೇಳಿದ್ದ ದೇವಕಿಗೆ ನನ್ನ ಕೃತಜ್ಞತೆಗಳು. ನಮಸ್ಕಾರ.