ಎಂಬತ್ತೊಂದು ಜನ ‘ತಗೋತೀವಿ’ ಅಂದ ಕಾರು

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳೂ ಕಾರ್ ಶೋರೂಮಿನ ಮಾಲೀಕರೂ ಆದ ವಿಶ್ವರಾಧ್ಯ ಸರ್ ಅವರೇ, ಗುರುಗಳೇ, ಶಹಾಪುರದ ಸಭಿಕರೇ,

ನಾನು ಪಂಚಶೀಲಾ, ಬಿ.ಕಾಂ. ಮೊದಲ ವರ್ಷ. ಬಹುಮಾನ ಪಡೆದವರು ಎರಡು ಮಾತಾಡಬೇಕಂತೆ. ನಿನ್ನೆ ಬರೆದ ಭಾಷಣ ಬೇರೆಯೇ ಇತ್ತು. ಸಾರಿ, ಅದನ್ನು ಓದಲು ಆಗುತ್ತಿಲ್ಲ.

‘ಕಾರಿನ ಹುಚ್ಚಿಲ್ಲದವರಿಗೂ ಸ್ಪೋರ್ಟ್ಸ್ ಕಾರು ಮಾರುವುದು ಹೇಗೆ?’ ಇದು ನನ್ನ ಪ್ರಾಜೆಕ್ಟ್. ಎರಡೇ ಸೀಟಿನ ಕೆಂಪು ಕಾರಿನ ಫೋಟೊ ಹಿಡಿದು ನೂರು ಜನರನ್ನು ‘ಇದನ್ನು ತಗೋತೀರಾ?’ ಎಂದು ಕೇಳಿ, ಉತ್ತರವನ್ನು ಹಾಳೆಯಲ್ಲಿ ಬರೆಸಿಕೊಂಡೆ. ಎಂಬತ್ತೊಂದು ಜನ ‘ತಗೋತೀವಿ’ ಎಂದರು. ನಾನು ರಿಪೋರ್ಟಿನಲ್ಲಿ ‘ವಿಲ್ ಬೈ’, ಅಂದರೆ ಕೊಳ್ಳುತ್ತಾರೆ, ಎಂದು ಬರೆದೆ. ಅದನ್ನು ನಂಬಿ ವಿಶ್ವರಾಧ್ಯ ಸರ್ ನಾಲ್ಕು ಕಾರು ತರಿಸುವ ಆರ್ಡರಿಗೆ ಈಗ ಇದೇ ವೇದಿಕೆಯಲ್ಲಿ ಸಹಿ ಹಾಕಲಿದ್ದಾರೆ.

ಸರ್, ದಯವಿಟ್ಟು ಪೆನ್ನು ಕೆಳಗಿಡಿ.

ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬಳೆ ಮಾರುವ ಇಮಾಮಬೀ ನನ್ನನ್ನು ತಡೆದರು. “ಏನವ್ವಾ, ಕೆಂಪು ಗಾಡಿ ಯಾವಾಗ ಬರ್ತದ? ಬರೂ ಜುಮ್ಮಾಕ್ಕ, ಶುಕ್ರವಾರಕ್ಕ, ನನ್ನ ಮೊಮ್ಮಗಳ ಶಾದಿ ಅದ. ಒಂದಿನಕ್ಕ ತಗೋತೀನಿ.”

“ಒಂದು ದಿನಕ್ಕಾ? ಕೊಳ್ಳುವುದಿಲ್ಲವಾ?”

“ಕೊಂಡು ತಲಿ ಮ್ಯಾಲ ಇಟ್ಕೊಳ್ಳೇನು? ಹಿಂದ ಸೀಟಿಲ್ಲ, ಬೀಗರು ಕುಂದರಾಂಗಿಲ್ಲ ಅಂತನ ಪಸಂದ ಬಂತು!”

ನೀವು ನಗುತ್ತಿದ್ದೀರಿ. ನಾನು ಓಡಿ ಹೋಗಿ, ಮೊದಲು ‘ತಗೋತೀವಿ’ ಅಂದಿದ್ದ ಇನ್ನೂ ಹತ್ತು ಜನರನ್ನು ಕೇಳಿದೆ. ಹತ್ತೂ ಜನ ಅದನ್ನೇ ಹೇಳಿದರು. “ಮದಿವಿಗೆ ಬ್ಯಾಂಡ್ ತಗೋತೀವಿ, ಕುದುರಿ ತಗೋತೀವಿ. ಮನ್ಯಾಗ ಇಟ್ಕೋತೀವೇನು?” ಎಂದು ಹೋಟೆಲಿನ ಸೂಗಪ್ಪಣ್ಣ ನನ್ನನ್ನೇ ಕೇಳಿದರು. ಇಲ್ಲಿ ‘ತಗೋತೀವಿ’ ಅಂದರೆ ಬಾಡಿಗೆಗೆ ತಗೋತೀವಿ ಅಂತಲೂ ಆಗುತ್ತದೆ.

ಇಷ್ಟು ಸಣ್ಣ ಮಾತು ನನಗೇಕೆ ತಿಳಿಯಲಿಲ್ಲ? ಐದನೇ ತರಗತಿಯಿಂದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಇದ್ದವಳು ನಾನು. ಅಲ್ಲಿ ಕನ್ನಡ ಮಾತಾಡಿದರೆ ಹೊರಗೆ ನಿಲ್ಲಿಸುತ್ತಿದ್ದರು. ಅಪ್ಪ ನೋಡಲು ಬಂದಾಗಲೂ ‘ಐ ಆಮ್ ಫೈನ್’ ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಅರ್ಥವಾಗುತ್ತಿತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ.

ಸರ್, ನಮ್ಮ ಮಂದಿಗೆ ಕಾರು ಇಷ್ಟವಿಲ್ಲ ಅಂತಲ್ಲ. ತುಂಬಾ ಇಷ್ಟ, ಆದರೆ ಒಂದು ದಿನದ ಮಟ್ಟಿಗೆ. ಬಾಡಿಗೆಗೆ ಬಿಡುವುದಾದರೆ ಒಂದೇ ಕಾರು ಸಾಕು.

ಎಲ್ಲಾ ಹಾಳೆ ತಿರುವಿದೆ. ಆ ಎಂಬತ್ತೊಂದು ಜನರಲ್ಲಿ ‘ಖರೀದಿ ಮಾಡುತ್ತೇನೆ’ ಎಂದೇ ಬರೆದವರು ಒಬ್ಬರೇ. ದೇವಿಂದ್ರ, ರಾಮಸಮುದ್ರದ ಶಾಲೆಯ ಜವಾನ. ಅವರೇ ನನ್ನ ಅಪ್ಪ. ಮನೆಯಲ್ಲಿ ಸೈಕಲ್ಲೂ ಇಲ್ಲ. ‘ಯಾಕಪ್ಪಾ ಹೀಗೆ ಬರೆದೆ?’ ಎಂದು ಈಗಷ್ಟೇ ಸಭಾಂಗಣದ ಬಾಗಿಲಲ್ಲಿ ಕೇಳಿದೆ. “ಯಾರೂ ತಗೊಳ್ಳಂಗಿಲ್ಲ ಅಂದ್ರ ನಿನಗ ಮಾರ್ಕ್ಸ್ ಕಡಿಮಿ ಬೀಳ್ತಾವಂತ ಬರದೆವ್ವಾ” ಎಂದರು.

ಸರ್, ಆ ಒಂದನ್ನೂ ಹೊಡೆದುಹಾಕಿ. ಬಹುಮಾನವನ್ನು ಮೇಜಿನ ಮೇಲೆ ಇಟ್ಟಿದ್ದೇನೆ.

ಅಪ್ಪಾ, ಚಪ್ಪಾಳಿ ಹೊಡಿಬ್ಯಾಡ. ನಾ ತಪ್ಪು ಒಪ್ಕೊಳ್ಳಾಕತ್ತೀನಿ.

ನನ್ನನ್ನು ವೇದಿಕೆಯಿಂದ ಇಳಿಸದೆ ಕೇಳಿದ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.