ಇಲ್ಲದ ಬಾಣ

ಉತ್ತರಪತ್ರಿಕೆ ತಿದ್ದುವ ಕೇಂದ್ರದೆದುರಿನ ಬಸ್ ಸಾಲಿನಲ್ಲಿ, ಗ್ರಂಥಪಾಲಕನ ಮುಂದೆ ಭೌತಶಾಸ್ತ್ರದ ಮುಖ್ಯ ಪರೀಕ್ಷಕರೂ ಒಬ್ಬ ಕಿರಿಯ ಶಿಕ್ಷಕಿಯೂ ನಿಂತಿದ್ದರು. ಕೇಳಿಸದಂತಿರುವ ಸಭ್ಯತೆ ಗ್ರಂಥಪಾಲಕನಿಗೆ ಎಂದೂ ಒಗ್ಗಿರಲಿಲ್ಲ.

“ಸರ್, ಎಂಜಿನ್ ನಿಂತ ಮೇಲೂ ಏರ್ತಾ ಇರೋ ರಾಕೆಟ್ಟನ್ನ ಮೇಲಕ್ಕೆ ತಳ್ಳೋರು ಯಾರು? ಆ ಪತ್ರಿಕೆಯ ಹುಡುಗಿ ಬಲಗಳ ಚಿತ್ರದಲ್ಲಿ ತೂಕ, ಗಾಳಿಯ ತಡೆ ಅಂತ ಎರಡೇ ಬಾಣ ಬರೆದಿದ್ದಾಳೆ, ಎರಡೂ ಕೆಳಕ್ಕೆ. ಅದೇ ಸರಿ.”

“ಮಾದರಿ ಉತ್ತರದಲ್ಲಿ ಮೇಲಕ್ಕೂ ಒಂದು ಬಾಣ ಇದೆಯಲ್ಲಮ್ಮಾ.”

“ಅದು ತಪ್ಪು ಸರ್.”

“ಬರೆದವನು ನಾನು.”

“ಗೊತ್ತು. ಎರಡೇ ಅಂಕಕ್ಕೆ ಫೇಲಾಗ್ತಾಳೆ, ಪಾಪ.”

“ಇನ್ನೊಂದ್ಸಲ ಕಟ್ಟಲಿ ಬಿಡು. ತಳ್ಳೋರಿಲ್ದೆ ಯಾವುದಾದ್ರೂ ಮೇಲಕ್ಕೆ ಹೋಗುತ್ತಾ?”

“ಹೋಗುತ್ತೆ ಸರ್. ಹಿಂದೆ ಯಾವತ್ತೋ ಸಿಕ್ಕಿದ ವೇಗದಲ್ಲೇ ಹೋಗ್ತಾ ಇರುತ್ತೆ. ನಿಮ್ಮನ್ನ ದಿನಾ ನೋಡ್ತಿಲ್ವಾ?”

ಬಸ್ಸು ಬಂತು. ಮುಖ್ಯ ಪರೀಕ್ಷಕರು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

“ಮಾತು ಇರಲಿ. ಸೊನ್ನೆ ಹಾಕಿದ್ದೀಯ ತಾನೆ?”

“ಹಾಕಿದ್ದೀನಿ ಸರ್,” ಎಂದು ಶಿಕ್ಷಕಿ ಅವರ ಹಿಂದೆಯೇ ಹತ್ತಿದಳು.